ಕಾಫಿ ತೋಟದ ಕೈನೋವು: ಸಕಲೇಶಪುರ ಮತ್ತು ಆಲೂರು ಬೆಟ್ಟಸೀಮೆ

ಕಾಫಿ ತೋಟದ ಕೈನೋವು ಯಾವುದೋ ಒಂದೇ ರೋಗವಲ್ಲ. ಹಣ್ಣು ಕೊಯ್ಲು, ಕಸಿ (ಗಿಡದ ರೆಂಬೆ ಸವರುವುದು), ಮರಗಸಿ (ನೆರಳುಮರದ ರೆಂಬೆ ಕಡಿಯುವುದು), ಕಳೆ ಹೊಡೆಯುವುದು, ಮದ್ದು ಸಿಂಪಡಿಸುವುದು, ಮೆಣಸು ಬಿಡಿಸುವುದು ಹೀಗೆ ವರ್ಷವಿಡೀ ಕೈಯನ್ನೇ ನಂಬಿದ ಕೆಲಸಗಳಿಂದ ಬೆರಳು, ಮಣಿಕಟ್ಟು, ಮುಂಗೈ, ಮೊಣಕೈಗಳಲ್ಲಿ ಕಾಣಿಸಿಕೊಳ್ಳುವ ನೋವು, ಜೋಮು, ಬಿಗಿತ ಮತ್ತು ಹಿಡಿತದ ಸಡಿಲಿಕೆ ಇದರಲ್ಲಿ ಸೇರುತ್ತವೆ. ವೈದ್ಯರು ಇದನ್ನು ಮಣಿಕಟ್ಟಿನ ನರದ ಒತ್ತಡ, ಸ್ನಾಯುರಜ್ಜುಗಳ ಉರಿಯೂತ, ಬೆರಳು ಸಿಕ್ಕಿಕೊಳ್ಳುವ ತೊಂದರೆ, ಕಂಪನದಿಂದ ಬರುವ ನರ ಮತ್ತು ರಕ್ತನಾಳಗಳ ಹಾನಿ ಎಂದು ಬಿಡಿಸಿ ನೋಡುತ್ತಾರೆ. ತೋಟದಲ್ಲಿ ಇದಕ್ಕೆ ‘ಕೈ ಹಿಡಿದುಕೊಂಡಿದೆ’, ‘ಜೋಮು ಬಂದಿದೆ’ ಎಂಬ ಮಾತುಗಳೇ ಸಾಕು. ರಾತ್ರಿ ಎಣ್ಣೆ ಹಚ್ಚಿ ನೀವಿಕೊಂಡು ಬೆಳಿಗ್ಗೆ ಮತ್ತೆ ಕೆಲಸಕ್ಕೆ ಹೋಗುವುದೇ ರೂಢಿ. ಭಾರ ಎತ್ತುವುದರಿಂದ ಮೈ ನೋಯುತ್ತದೆ, ಹಗುರ ಕೆಲಸದಿಂದ ಏನೂ ಆಗದು ಎಂಬ ನಂಬಿಕೆ ಈ ನೋವನ್ನು ಲೆಕ್ಕದಿಂದಲೇ ಹೊರಗಿಟ್ಟಿದೆ. ಆದರೆ ಕೈಯನ್ನು ಕೆಡಿಸುವುದು ಭಾರಕ್ಕಿಂತ ಹೆಚ್ಚಾಗಿ ಬಿಡುವಿಲ್ಲದ ಹಿಡಿತ, ಅದೇ ಚಲನೆಯ ಮರುಕಳಿಕೆ, ಬಾಗಿದ ಮಣಿಕಟ್ಟು ಮತ್ತು ಯಂತ್ರದ ಕಂಪನ. ಇದನ್ನು ಒಪ್ಪಿದರೆ ಪರಿಹಾರವನ್ನೂ ಕೈ ಗಟ್ಟಿ ಮಾಡಿಕೊಳ್ಳುವುದರಲ್ಲಿ ಹುಡುಕದೆ, ಕೆಲಸ ಹಂಚುವ ಕ್ರಮದಲ್ಲಿ ಹುಡುಕಬೇಕಾಗುತ್ತದೆ.

ಹಾಸನ ಜಿಲ್ಲೆಯ ಪಶ್ಚಿಮ ಅಂಚಿನಲ್ಲಿ, ಹಿಂದೆ ಮಂಜರಾಬಾದ್ ಎಂದು ಕರೆಯುತ್ತಿದ್ದ ಸೀಮೆಯಲ್ಲಿ, ಹೇಮಾವತಿಯ ದಡದ ಸಕಲೇಶಪುರ ಸಮುದ್ರಮಟ್ಟದಿಂದ ಸುಮಾರು 950 ಮೀಟರ್ ಎತ್ತರದಲ್ಲಿದೆ. ಅಲ್ಲಿಂದ ಶಿರಾಡಿ, ಬಿಸಿಲೆ ಘಾಟಿಗಳ ಕಡೆಗೆ ಬೆಟ್ಟಗಳು ಏರಿ ಇಳಿಯುತ್ತವೆ. ಪೂರ್ವಕ್ಕೆ ಆಲೂರಿನ ಕಡೆ ಕಾಫಿಯ ಜೊತೆ ಭತ್ತ, ಶುಂಠಿ, ಮೆಕ್ಕೆಜೋಳದ ಹೊಲಗಳು ಬೆರೆಯುತ್ತವೆ. ದೇಶದ ಕಾಫಿಯಲ್ಲಿ ಸುಮಾರು ನೂರಕ್ಕೆ 70ರಷ್ಟು ಕರ್ನಾಟಕದ್ದು. ಕೊಡಗು, ಚಿಕ್ಕಮಗಳೂರು, ಹಾಸನ ಈ ಮೂರೇ ಜಿಲ್ಲೆಗಳು ಹೆಚ್ಚುಕಡಿಮೆ ಅದಷ್ಟನ್ನೂ ಬೆಳೆಯುತ್ತವೆ. ಮಂಜರಾಬಾದಿನಲ್ಲಿ ತೋಟ ಮಾಡಿದ ರಾಬರ್ಟ್ ಎಲಿಯಟ್ 1894ರಲ್ಲಿ ಮೈಸೂರು ಸೀಮೆಯ ಕಾಫಿ ಬೇಸಾಯದ ಬಗ್ಗೆ ಪುಸ್ತಕ ಪ್ರಕಟಿಸಿದ ಕಾಲದಿಂದ ಇಂದಿನವರೆಗೆ ತಳಿ ಬದಲಾಗಿದೆ, ಗೊಬ್ಬರ ಬದಲಾಗಿದೆ, ಮಾರುಕಟ್ಟೆ ಬದಲಾಗಿದೆ. ಗಿಡದಿಂದ ಹಣ್ಣು ಬಿಡಿಸುವ ಸಾಧನ ಮಾತ್ರ ಮನುಷ್ಯನ ಹತ್ತು ಬೆರಳುಗಳಾಗಿಯೇ ಉಳಿದಿದೆ. ಬ್ರೆಜಿಲಿನ ಬಯಲಿನಲ್ಲಿ ಓಡಾಡುವ ದೊಡ್ಡ ಕೊಯ್ಲು ಯಂತ್ರ ಇಲ್ಲಿನ ಇಳಿಜಾರಿನಲ್ಲಿ, ನೆರಳುಮರಗಳ ನಡುವೆ, ಒಂದೇ ರೆಂಬೆಯಲ್ಲಿ ಕಾಯಿ, ದೋರೆ, ಹಣ್ಣು ಮೂರೂ ಇರುವ ಗಿಡಗಳಲ್ಲಿ ನಡೆಯುವುದಿಲ್ಲ.

ಕೈಗೆ ಬೀಳುವ ದುಡಿತ ವರ್ಷವಿಡೀ ಒಂದೇ ಬಗೆಯದಲ್ಲ. ಅರೇಬಿಕಾ ಕೊಯ್ಲು ನವೆಂಬರಿನಿಂದ ಜನವರಿವರೆಗೆ, ರೋಬಸ್ಟಾ ಕೊಯ್ಲು ಹೆಚ್ಚುಕಡಿಮೆ ಜನವರಿಯಿಂದ ಮಾರ್ಚ್‌ವರೆಗೆ. ಆ ಹೊತ್ತಿಗೇ ಮೆಣಸೂ ಬಲಿಯುತ್ತದೆ. ಕೊಯ್ಲು ಮುಗಿದೊಡನೆ ಕಸಿ. ಮಳೆಗೆ ಮುಂಚೆ ಮರಗಸಿ. ಮಳೆಗಾಲದಲ್ಲಿ ಚಿಗುರು ತೆಗೆಯುವುದು, ಬೋರ್ಡೋ ದ್ರಾವಣ ಹೊಡೆಯುವುದು, ಕಳೆ. ಅರೇಬಿಕಾ ತೋಟದಲ್ಲಿ ಬಿಳಿ ಕಾಂಡಕೊರಕದ ಕಾಟ ತಪ್ಪಿಸಲು ತೆಂಗಿನ ನಾರಿನ ಕೈಗವಸು ತೊಟ್ಟು ಕಾಂಡದ ಸಡಿಲ ತೊಗಟೆಯನ್ನು ಉಜ್ಜಿ ತೆಗೆಯುವ ಕೆಲಸವೂ ಇದೆ. ಕಾಂಡವನ್ನು ಸುತ್ತ ಬಿಗಿಹಿಡಿದು ಮಣಿಕಟ್ಟನ್ನು ತಿರುವುತ್ತ ಮೇಲಿಂದ ಕೆಳಗೆ ಉಜ್ಜಬೇಕು, ಒಂದು ಗಿಡ ಮುಗಿದರೆ ಇನ್ನೊಂದು. ಈ ಪಟ್ಟಿಯಲ್ಲಿ ಯಾವ ಕೆಲಸವೂ ಮೂಟೆ ಹೊರುವಷ್ಟು ಭಾರದ್ದಲ್ಲ. ಎಲ್ಲದರಲ್ಲೂ ಬೆರಳು ಮಡಚಿಯೇ ಇರುತ್ತದೆ ಎಂಬುದನ್ನು ಮಾತ್ರ ಗಮನಿಸಬೇಕು.

ಕೊಯ್ಲಿನ ಕೈಯನ್ನು ಹತ್ತಿರದಿಂದ ನೋಡಿದರೆ ವಿಷಯ ಸ್ಪಷ್ಟವಾಗುತ್ತದೆ. ಎಡಗೈ ರೆಂಬೆಯನ್ನು ಬಾಗಿಸಿ ಹಿಡಿದಿರುತ್ತದೆ. ರೆಂಬೆ ತನ್ನ ಜಾಗಕ್ಕೆ ಮರಳಲು ಎಳೆಯುತ್ತಲೇ ಇರುವುದರಿಂದ ಆ ಹಿಡಿತ ಸಡಿಲಿಸುವಂತಿಲ್ಲ. ಮಣಿಕಟ್ಟು ಹಿಂದಕ್ಕೆ ಬಾಗಿ ನಿಂತಿರುತ್ತದೆ. ಬಲಗೈಯ ಹೆಬ್ಬೆರಳು, ತೋರುಬೆರಳು, ನಡುಬೆರಳು ಗೆಣ್ಣಿನ ಸುತ್ತ ಕೂಡಿ ಹಣ್ಣನ್ನು ತುಸು ತಿರುಚಿ ಎಳೆದು ಅಂಗೈಗೆ ಬಿಟ್ಟುಕೊಳ್ಳುತ್ತವೆ. ಅಂಗೈ ತುಂಬಿದ ಮೇಲೆ ಕೈ ಸೊಂಟದ ಚೀಲಕ್ಕೆ ಹೋಗಿ ಬರುತ್ತದೆ. ತುಂಬುವವರೆಗೆ ಕಿರುಬೆರಳು, ಉಂಗುರಬೆರಳುಗಳು ಕೊಯ್ದ ಹಣ್ಣು ಜಾರದಂತೆ ತಡೆಹಿಡಿದಿರುತ್ತವೆ, ಅಂದರೆ ಕೆಲಸ ಮಾಡದ ಬೆರಳಿಗೂ ವಿರಾಮವಿಲ್ಲ. ಒಂದು ಬಲಿತ ಅರೇಬಿಕಾ ಹಣ್ಣಿನ ತೂಕ ಸುಮಾರು ಒಂದೂವರೆಯಿಂದ ಎರಡು ಗ್ರಾಂ. ಒಬ್ಬರು ದಿನಕ್ಕೆ 50 ಕಿಲೋ ಕೊಯ್ಯುತ್ತಾರೆಂದು ಲೆಕ್ಕಕ್ಕೆ ಇಟ್ಟುಕೊಳ್ಳೋಣ. ದಪ್ಪ ಹಣ್ಣೇ ಆದರೂ ಅದು 25,000 ಹಣ್ಣು. ಒಂದು ತಿರುಚಿಗೆ ಮೂರು ಹಣ್ಣು ಬಂದರೆ 8,000ಕ್ಕೂ ಮಿಕ್ಕಿದ ತಿರುಚು. ಏಳು ತಾಸಿನ ಕೆಲಸದಲ್ಲಿ ಮೂರು ಸೆಕೆಂಡಿಗೊಂದು. ರೋಬಸ್ಟಾದಲ್ಲಿ ಹಣ್ಣು ಚಿಕ್ಕದು, ಗೊಂಚಲು ಬಿಗಿ, ಹಣ್ಣಾದ ಮೇಲೂ ರೆಂಬೆಗೆ ಗಟ್ಟಿಯಾಗಿ ಅಂಟಿಕೊಂಡಿರುವ ಸ್ವಭಾವ. ಒಂದು ಎಳೆತಕ್ಕೆ ಹೆಚ್ಚು ಹಣ್ಣು ಸಿಗುತ್ತದೆ, ಪ್ರತಿ ಎಳೆತಕ್ಕೆ ಬೇಕಾದ ಬಲವೂ ಹೆಚ್ಚು.

ಆ ಮೂರು ಸೆಕೆಂಡು ಏಕೆ ಮುಖ್ಯ ಎಂಬುದಕ್ಕೆ ಮಣಿಕಟ್ಟಿನ ಒಳಗೆ ನೋಡಬೇಕು. ಅಂಗೈಯ ಬುಡದಲ್ಲಿ ಮೂಳೆಗಳು ಕಮಾನಿನಂತೆ ನಿಂತು, ಮೇಲೆ ಒಂದು ಗಟ್ಟಿ ಪಟ್ಟಿ ಹಾಸಿಕೊಂಡು ಕಿರಿದಾದ ಸುರಂಗವಾಗಿದೆ. ಅದರೊಳಗೆ ಬೆರಳುಗಳನ್ನು ಮಡಚುವ ಒಂಬತ್ತು ಸ್ನಾಯುರಜ್ಜುಗಳೂ ಒಂದು ನರವೂ ಹಾಯುತ್ತವೆ. ಹೆಬ್ಬೆರಳು, ತೋರುಬೆರಳು, ನಡುಬೆರಳು ಮತ್ತು ಉಂಗುರಬೆರಳಿನ ಅರ್ಧ ಭಾಗದ ಸ್ಪರ್ಶಜ್ಞಾನ ಆ ಮಧ್ಯನರದ್ದು. ಹಣ್ಣು ಕೊಯ್ಯುವ ಬೆರಳುಗಳೂ ಅವೇ. ರಜ್ಜುಗಳು ಉಜ್ಜಿ ಉಜ್ಜಿ ಊದಿದರೆ ಸುರಂಗ ಹಿಗ್ಗುವುದಿಲ್ಲ, ಒತ್ತಡ ನರದ ಮೇಲೆ ಬೀಳುತ್ತದೆ. ಅಮೆರಿಕದ ಶಸ್ತ್ರವೈದ್ಯ ಗೆಲ್ಬರ್‌ಮನ್ ಮತ್ತು ಸಂಗಡಿಗರು 1981ರಲ್ಲಿ ಈ ಒತ್ತಡವನ್ನು ನೇರವಾಗಿ ಅಳೆದರು: ನೆಟ್ಟಗಿಟ್ಟ ಮಣಿಕಟ್ಟಿನಲ್ಲಿ ಆರೋಗ್ಯವಂತರಿಗೆ ಸರಾಸರಿ 2.5 ಮಿಲಿಮೀಟರ್ ಪಾದರಸದಷ್ಟು, ರೋಗಿಗಳಿಗೆ 32ರಷ್ಟು. ಆರೋಗ್ಯವಂತರ ಮಣಿಕಟ್ಟೇ ಆದರೂ ಪೂರ್ತಿ ಮಡಚಿದಾಗ ಅದು 31ಕ್ಕೆ ಏರಿತು. ಅಂದರೆ ಬಾಗಿದ ಮಣಿಕಟ್ಟು, ಆ ಹೊತ್ತಿನ ಮಟ್ಟಿಗೆ, ಒಳ್ಳೆಯ ಕೈಯನ್ನೂ ರೋಗಿಯ ಕೈಯ ಒತ್ತಡಕ್ಕೆ ತಂದು ನಿಲ್ಲಿಸುತ್ತದೆ. ಹೆಬ್ಬೆರಳಿನ ಬುಡದ ಎರಡು ರಜ್ಜುಗಳು ತಮ್ಮ ಕವಚದಲ್ಲಿ ಉರಿದು ನೋಯುವ ತೊಂದರೆಯನ್ನು ಸ್ವಿಟ್ಜರ್‌ಲೆಂಡಿನ ಫ್ರಿಟ್ಸ್ ಡಿ ಕ್ವೆರ್ವೇನ್ 1895ರಲ್ಲಿ ವಿವರಿಸಿದ. ಹೆಬ್ಬೆರಳು ಚಾಚಿ ಮಣಿಕಟ್ಟು ತಿರುಚುವ ಕೆಲಸದವರಿಗೆ ಅದು ಸಹಜವಾಗಿ ಗಂಟುಬೀಳುತ್ತದೆ. ಕಸಿ ಕತ್ತರಿಯ ಹಿಡಿಕೆ ಅಂಗೈಗೆ ಒತ್ತಿ ಒತ್ತಿ ಬೆರಳಿನ ರಜ್ಜು ದಪ್ಪವಾದರೆ ಬೆಳಿಗ್ಗೆ ಎದ್ದಾಗ ಮಡಚಿದ ಬೆರಳು ಬಿಚ್ಚುವುದಿಲ್ಲ, ಇನ್ನೊಂದು ಕೈಯಿಂದ ಎಳೆದರೆ ಟಕ್ಕೆಂದು ಬಿಡಿಸಿಕೊಳ್ಳುತ್ತದೆ.

ದುಡಿಮೆ ಕೈಯನ್ನು ಕೆಡಿಸುತ್ತದೆ ಎಂಬ ತಿಳಿವಳಿಕೆ ಹೊಸದಲ್ಲ. ಇಟಲಿಯ ಬರ್ನಾರ್ಡಿನೊ ರಾಮಾಜ್ಜಿನಿ ಕಸುಬುಗಳ ರೋಗಗಳ ಬಗ್ಗೆ 1700ರಲ್ಲಿ ಹೊರತಂದ ಗ್ರಂಥದ 1713ರ ವಿಸ್ತೃತ ಆವೃತ್ತಿಯಲ್ಲಿ ದಿನವಿಡೀ ಲೇಖನಿ ಹಿಡಿಯುವ ಗುಮಾಸ್ತರ ಕೈಸೋಲನ್ನು ಗುರುತಿಸಿದ್ದ. ಲೇಖನಿಗಿಂತ ಹಗುರವಾದ ಸಲಕರಣೆ ಯಾವುದಿದೆ? ಭಾರವಿಲ್ಲದೆಯೂ ಈ ನೋವು ಬರಬಹುದು ಎಂಬುದಕ್ಕೆ ಆ ಒಂದು ಗಮನಿಕೆಯೇ ಸಾಕ್ಷಿ. ಜರ್ಮನಿಯ ವಾಲ್ಟರ್ ರೋಮರ್ಟ್ 1960ರಲ್ಲಿ, ಸ್ನಾಯು ತನ್ನ ಪೂರ್ಣ ಬಲದ ಶೇಕಡ 15ಕ್ಕಿಂತ ಹೆಚ್ಚನ್ನು ಬಿಡದೆ ಹಿಡಿದರೆ ದಣಿವು ತಪ್ಪದು ಎಂದು ತೋರಿಸಿದ; ದೀರ್ಘ ಹೊತ್ತಿನ ಹಿಡಿತಕ್ಕೆ ಅದಕ್ಕಿಂತ ಕಡಿಮೆ ಬಲವೂ ದಣಿಸುತ್ತದೆ ಎಂದು ಮುಂದಿನ ಅಧ್ಯಯನಗಳು ಕಂಡವು. ಮಿಶಿಗನ್ನಿನಲ್ಲಿ ಬಾರ್ಬರಾ ಸಿಲ್ವರ್‌ಸ್ಟೀನ್ ಮತ್ತು ಜೊತೆಗಾರರು ಕಾರ್ಖಾನೆ ಕೆಲಸಗಾರರ ಮೇಲೆ ನಡೆಸಿ 1987ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 30 ಸೆಕೆಂಡಿಗಿಂತ ಬೇಗ ಮರುಕಳಿಸುವ ಕೆಲಸವನ್ನು ಹೆಚ್ಚು ಮರುಕಳಿಕೆಯದ್ದೆಂದು ಎಣಿಸಿದರು. ಬಲವೂ ಮರುಕಳಿಕೆಯೂ ಒಟ್ಟಿಗೆ ಇದ್ದಲ್ಲಿ ಮಣಿಕಟ್ಟಿನ ನರದ ತೊಂದರೆ ಹಲವು ಪಟ್ಟು ಹೆಚ್ಚಾಗಿತ್ತು. ಅಮೆರಿಕ ಸರಕಾರದ ಕಸುಬು ಆರೋಗ್ಯ ಸಂಸ್ಥೆ 1997ರಲ್ಲಿ ಅಲ್ಲಿಯವರೆಗಿನ ಅಧ್ಯಯನಗಳನ್ನೆಲ್ಲ ಒರೆಗೆ ಹಚ್ಚಿ, ಬಲ, ಮರುಕಳಿಕೆ, ಭಂಗಿಗಳಂಥ ಹೊರೆಗಳು ಕೂಡಿ ಬಿದ್ದಾಗ ಸಾಕ್ಷ್ಯ ಬಲವಾಗಿದೆ ಎಂದು ತೀರ್ಮಾನಿಸಿತು. ಕಾಫಿ ಗಿಡದ ಮುಂದೆ ನಿಂತವರಿಗೆ ಆ 30 ಸೆಕೆಂಡಿನೊಳಗೆ ಹತ್ತು ಬಾರಿ ಅದೇ ಚಲನೆ. ಬಲ, ಮರುಕಳಿಕೆ, ಭಂಗಿ ಮೂರೂ ಅಲ್ಲಿ ಒಟ್ಟಿಗೆ ಇವೆ.

ಇದೇ ಕೈನೋವು ಪೇಟೆಯ ಮನೆಗಳಲ್ಲೂ ಜಿಮ್ಮುಗಳಲ್ಲೂ ಇನ್ನೊಂದು ರೂಪದಲ್ಲಿ ಕಾಣುತ್ತದೆ, ಮತ್ತು ಆ ಹೋಲಿಕೆಯಿಂದ ತಿಳಿಯುವುದು ಬಹಳವಿದೆ. ಟ್ರೆಡ್‌ಮಿಲ್ಲಿನ ಮೇಲೆ ನಡೆಯುವವರು ಜಾರುವ ಭಯಕ್ಕೆ ಮುಂದಿನ ಕಂಬಿಯನ್ನು ಗಟ್ಟಿಯಾಗಿ ಹಿಡಿಯುತ್ತಾರೆ. ನಿಂತಲ್ಲೇ ತುಳಿಯುವ ಸೈಕಲ್ಲಿನಲ್ಲಿ ಮುಂದೆ ಬಾಗಿ ಮೈಭಾರವನ್ನೆಲ್ಲ ಅಂಗೈಯ ಕಿರುಬೆರಳ ಕಡೆಯ ಬುಡದ ಮೇಲೆ ಹಾಕಿದರೆ ಅಲ್ಲಿ ಹಾಯುವ ನರ ಒತ್ತಿ ಕಿರುಬೆರಳು, ಉಂಗುರಬೆರಳು ಜೋಮು ಹಿಡಿಯುತ್ತವೆ. ದೂರದೂರ ಸೈಕಲ್ ಹೊಡೆಯುವವರಲ್ಲಿ ವೈದ್ಯರು ಬಹುಕಾಲದಿಂದ ಕಂಡಿರುವ ತೊಂದರೆ ಇದು. ದೋಣಿಗೆ ಹುಟ್ಟು ಹಾಕುವಂತೆ ಎಳೆಯುವ ವ್ಯಾಯಾಮ ಯಂತ್ರದಲ್ಲಿ ಹಿಡಿಯನ್ನು ಬೇಕಾದ್ದಕ್ಕಿಂತ ಬಿಗಿಯಾಗಿ ಹಿಡಿದು ಮಣಿಕಟ್ಟು ಬಾಗಿಸಿ ಎಳೆದರೆ ಮುಂಗೈಯ ರಜ್ಜುಗಳು ಊದುತ್ತವೆ. ಈ ಯಂತ್ರಗಳಲ್ಲಿ ವ್ಯಾಯಾಮವಾಗಬೇಕಾದದ್ದು ಕಾಲು, ಬೆನ್ನು, ಹೃದಯಕ್ಕೆ; ಕೈ ಬರೀ ಹಿಡಿದುಕೊಂಡಿರಲು. ಆದರೂ ನೋಯುವುದು ಕೈ. ಅಲ್ಲಿ ಕೊಡುವ ಸಲಹೆ ಸರಳ: ಹಿಡಿತ ಸಡಿಲಿಸಿ, ಮಣಿಕಟ್ಟು ನೆಟ್ಟಗಿಡಿ, ಆಗಾಗ ಕೈಯ ಜಾಗ ಬದಲಿಸಿ, ಜೋಮು ಬಂದರೆ ನಿಲ್ಲಿಸಿ, ನಿಧಾನವಾಗಿ ಹೆಚ್ಚಿಸುತ್ತ ಹೋಗಿ. ಐದೂ ಸಲಹೆ ತೋಟದ ಕೈಗೂ ಒಪ್ಪುತ್ತವೆ. ಆದರೆ ಯಂತ್ರ ತುಳಿಯುವವರು ಬೇಕೆಂದಾಗ ಇಳಿಯಬಹುದು. ಕಿಲೋ ಲೆಕ್ಕದ ಕೂಲಿಗೆ ನಿಂತವರು ನಿಲ್ಲಿಸಿದರೆ ಕೂಲಿಯೂ ನಿಲ್ಲುತ್ತದೆ. ಕೈನೋವಿನ ಬೇರು ಸ್ನಾಯುವಿನಲ್ಲಿ ಎಷ್ಟಿದೆಯೋ ಈ ಕೂಲಿಯ ಕಟ್ಟಿನಲ್ಲೂ ಅಷ್ಟೇ ಇದೆ.

ಯಂತ್ರ ಬಂದರೆ ಕೈ ಉಳಿಯುತ್ತದೆ ಎಂಬ ಆಸೆಯನ್ನು ಕಳೆ ಹೊಡೆಯುವ ಯಂತ್ರದ ಮೇಲೆ ಪರೀಕ್ಷಿಸಿ ನೋಡಬಹುದು. ಆಳು ಸಿಗದ ಈ ದಿನಗಳಲ್ಲಿ ಕತ್ತಿಯಿಂದ ಕಳೆ ಸವರುವ ಬದಲು ಹೆಗಲಿಗೆ ಪಟ್ಟಿ ಹಾಕಿಕೊಂಡು ಬ್ರಷ್ ಕಟರ್ ಹೊಡೆಯುವುದು ಬೆಟ್ಟಸೀಮೆಯಲ್ಲೆಲ್ಲ ಸಾಮಾನ್ಯವಾಗಿದೆ. ಹತ್ತು ಜನರ ಕೆಲಸವನ್ನು ಅದು ಒಬ್ಬಿಬ್ಬರ ಕೈಗೆ ತರುತ್ತದೆ, ನಿಜ. ಜೊತೆಗೆ ಎಂಜಿನ್ನಿನ ಕಂಪನವನ್ನೂ ಅದೇ ಕೈಗಳಿಗೆ ತರುತ್ತದೆ. ನಿಮಿಷಕ್ಕೆ 7,200 ಸುತ್ತು ತಿರುಗುವ ಎಂಜಿನ್ ಎಂದರೆ ಸೆಕೆಂಡಿಗೆ 120 ಸಲದ ನಡುಕ. ಅಮೆರಿಕದ ವೈದ್ಯೆ ಆಲಿಸ್ ಹ್ಯಾಮಿಲ್ಟನ್ 1918ರಲ್ಲಿ ಇಂಡಿಯಾನಾ ರಾಜ್ಯದ ಬೆಡ್‌ಫರ್ಡಿನ ಸುಣ್ಣಕಲ್ಲು ಕುಟಿಗರ ಬೆರಳುಗಳು ಚಳಿಯಲ್ಲಿ ರಕ್ತ ಹರಿಯದೆ ಬೆಳ್ಳಗಾಗಿ ಮರಗಟ್ಟುವುದನ್ನು ಅವರ ಗಾಳಿಸುತ್ತಿಗೆಯ ಕಂಪನಕ್ಕೆ ಜೋಡಿಸಿ ತೋರಿಸಿದರು. ಮುಂದೆ ಕಾಡಿನಲ್ಲಿ ಗರಗಸ ಯಂತ್ರ ಹಿಡಿದವರಲ್ಲೂ ಅದೇ ಕಂಡಿತು. ಯೂರೋಪಿನ ಒಕ್ಕೂಟ 2002ರಲ್ಲಿ ಇದಕ್ಕೆ ಮಿತಿ ಹಾಕಿದೆ: ಎಂಟು ತಾಸಿನ ಸರಾಸರಿ 2.5 ಮೀಟರ್ ಪ್ರತಿ ಸೆಕೆಂಡ್ ವರ್ಗ ದಾಟಿದರೆ ಮಾಲೀಕ ಕ್ರಮ ಕೈಗೊಳ್ಳಬೇಕು, 5 ದಾಟಲೇಬಾರದು. ಲೆಕ್ಕ ಹಾಕಿದರೆ, ಹಿಡಿಯಲ್ಲಿ 5ರಷ್ಟು ಕಂಪಿಸುವ ಯಂತ್ರಕ್ಕೆ ಎರಡು ತಾಸಿನಲ್ಲೇ ಮೊದಲ ಗಡಿ ಬಂದುಬಿಡುತ್ತದೆ. 10ರಷ್ಟು ಕಂಪಿಸುವ ಯಂತ್ರಕ್ಕೆ ಅರ್ಧ ತಾಸಿನಲ್ಲಿ, ಎರಡನೆಯ ಗಡಿಯೂ ಎರಡು ತಾಸಿನಲ್ಲಿ. ಮೊಂಡಾದ ಅಥವಾ ಒಂದು ಕಡೆ ಮುರಿದ ಬ್ಲೇಡು, ಹರಿದುಹೋದ ರಬ್ಬರ್ ಬುಶ್ಶು ಕಂಪನವನ್ನು ಇನ್ನೂ ಹೆಚ್ಚಿಸುತ್ತವೆ. ಮಳೆಗಾಲದಲ್ಲಿ ತೊಯ್ದ, ತಣ್ಣಗಾದ ಕೈಯಲ್ಲಿ ರಕ್ತನಾಳ ಮೊದಲೇ ಕುಗ್ಗಿರುತ್ತದೆ. ಕಳೆ ಹೆಚ್ಚಾಗಿ ಬೆಳೆಯುವುದೂ ಆ ಕಾಲದಲ್ಲೇ. ಹಣ್ಣು ಉದುರಿಸಲು ಕೈಯಲ್ಲಿ ಹಿಡಿದು ಅಲುಗಿಸುವ ಸಣ್ಣ ಯಂತ್ರಗಳಿಗೂ ಇದೇ ಮಾತು ಸಲ್ಲುತ್ತದೆ. ಯಂತ್ರ ಬೇಡವೆಂದು ಇದರರ್ಥವಲ್ಲ. ಯಂತ್ರ ಕೊಂಡವರು ಅದನ್ನು ಒಬ್ಬನ ಕೈಗೇ ದಿನಪೂರ್ತಿ ಕೊಡದೆ ಇಬ್ಬರಿಗೆ ಪಾಳಿ ಹಾಕಿದರೆ ಕಂಪನದ ಹೊರೆ ತಾನಾಗಿ ಹಂಚಿಹೋಗುತ್ತದೆ, ಯಂತ್ರವೂ ನಿಲ್ಲುವುದಿಲ್ಲ.

ಈ ವಾದಕ್ಕೆ ಮೊದಲ ಆಕ್ಷೇಪ, ತೋಟದವರಿಗೆ ಇದು ಹುಟ್ಟಿನಿಂದ ರೂಢಿ, ಅವರ ಕೈ ಗಟ್ಟಿ ಎಂಬುದು. ಚರ್ಮ ಗಟ್ಟಿಯಾಗುತ್ತದೆ, ಸ್ನಾಯುವೂ ಬಲಿಯುತ್ತದೆ, ಒಪ್ಪಿದೆ. ಆದರೆ ರಜ್ಜುವಿಗೆ ರಕ್ತದ ಪೂರೈಕೆ ಕಡಿಮೆ. ಅದು ಸ್ನಾಯುವಿಗಿಂತ ಎಷ್ಟೋ ನಿಧಾನವಾಗಿ ಹೊಂದಿಕೊಳ್ಳುತ್ತದೆ, ನರವಂತೂ ಒತ್ತಡಕ್ಕೆ ಗಟ್ಟಿಯಾಗುವುದೇ ಇಲ್ಲ. ಮೇಲಾಗಿ ಕೊಯ್ಲು ವರ್ಷವಿಡೀ ಇರುವ ಕೆಲಸವಲ್ಲ. ಬೇರೆ ಬೇರೆ ಕೆಲಸ ಮಾಡಿಕೊಂಡಿದ್ದ ಕೈ ನವೆಂಬರಿನ ಒಂದು ವಾರದಲ್ಲಿ ಏಕಾಏಕಿ ದಿನಕ್ಕೆ ಸಾವಿರಾರು ತಿರುಚಿಗೆ ಇಳಿಯುತ್ತದೆ. ಅಸ್ಸಾಮಿನಿಂದಲೋ ಉತ್ತರ ಕರ್ನಾಟಕದಿಂದಲೋ ಕೊಯ್ಲಿಗೆಂದೇ ಬಂದು ತೋಟದ ಆಳುಗಳ ಲೈನ್ ಮನೆಯಲ್ಲಿ ಇಳಿದುಕೊಂಡವರಿಗೆ ಈ ರೂಢಿಯ ಮಾತು ಅನ್ವಯಿಸುವುದೇ ಇಲ್ಲ. ಇನ್ನು ಹಳಬರೆಲ್ಲ ಚೆನ್ನಾಗಿದ್ದಾರಲ್ಲ ಎಂದರೆ, ಕೈ ಕೆಟ್ಟವರು ಕೊಯ್ಲಿನ ಸಾಲಿನಲ್ಲಿ ಈಗ ಕಾಣುವುದಿಲ್ಲ ಎಂಬುದನ್ನು ನೆನಪಿಡಬೇಕು. ಅವರು ಕಣಕ್ಕೆ, ಅಡಿಗೆಮನೆಗೆ, ಇಲ್ಲವೇ ಊರಿಗೆ ಹೋಗಿರುತ್ತಾರೆ. ಉಳಿದವರನ್ನಷ್ಟೇ ನೋಡಿ ಕೆಲಸ ನಿರಪಾಯ ಎನ್ನುವ ತಪ್ಪು ಕಸುಬು ಆರೋಗ್ಯದ ಅಧ್ಯಯನಗಳಲ್ಲಿ ಬಹಳ ಹಿಂದೆಯೇ ಗುರುತಾಗಿದೆ.

ದುಡಿಮೆಯೇ ವ್ಯಾಯಾಮ, ಜಿಮ್ಮಿಗೆ ಹೋಗುವವರು ದುಡ್ಡು ಕೊಟ್ಟು ಮಾಡುವುದನ್ನು ಇವರು ಕೂಲಿ ಪಡೆದು ಮಾಡುತ್ತಾರೆ ಎಂಬ ಮಾತೂ ಚಾಲ್ತಿಯಲ್ಲಿದೆ. ಆದರೆ ವ್ಯಾಯಾಮದಿಂದ ಮೈ ಬಲಿಯುವುದು ಅದರ ನಡುವಿನ ವಿರಾಮದಲ್ಲಿ. ಡೆನ್ಮಾರ್ಕಿನ ಆಂಡ್ರೆಯಸ್ ಹೋಲ್ಟರ್‌ಮನ್ ಮತ್ತು ಸಹೋದ್ಯೋಗಿಗಳು ಬಿಡುವಿನ ವೇಳೆಯ ದೈಹಿಕ ಚಟುವಟಿಕೆ ಆರೋಗ್ಯಕ್ಕೆ ಒಳಿತು ಮಾಡಿದರೂ ಕಸುಬಿನ ದೈಹಿಕ ದುಡಿಮೆ ಅದೇ ಒಳಿತನ್ನು ಮಾಡುವುದಿಲ್ಲ ಎಂಬುದನ್ನು ವರ್ಷಗಳಿಂದ ಎತ್ತಿ ತೋರಿಸುತ್ತಿದ್ದಾರೆ. ಅವರು ಹೆಚ್ಚಾಗಿ ನೋಡಿದ್ದು ಹೃದಯದ ಆರೋಗ್ಯವನ್ನು. ಆದರೆ ಅವರು ಕೊಡುವ ಕಾರಣಗಳಾದ ದೀರ್ಘ ಅವಧಿ, ಸಾಲದ ವಿರಾಮ, ತನ್ನ ವೇಗದ ಮೇಲೆ ತನಗೇ ಹತೋಟಿಯಿಲ್ಲದಿರುವುದು ಇವೆಲ್ಲ ಕೈಯ ವಿಷಯದಲ್ಲಿ ಇನ್ನೂ ನಿಚ್ಚಳ.

ಮೂರನೆಯ ಆಕ್ಷೇಪಕ್ಕೆ ಹೆಚ್ಚು ತೂಕವಿದೆ. ಮಣಿಕಟ್ಟಿನ ನರದ ತೊಂದರೆ ಗಂಡಸರಿಗಿಂತ ಹೆಂಗಸರಲ್ಲಿ ಹೆಚ್ಚು. ಬಸುರಿಯರಲ್ಲಿ, ಸಕ್ಕರೆ ಕಾಯಿಲೆ ಇರುವವರಲ್ಲಿ, ಥೈರಾಯ್ಡ್ ಕುಂದಿದವರಲ್ಲಿ ಕೆಲಸ ಯಾವುದಿದ್ದರೂ ಬರಬಹುದು. ಬಟ್ಟೆ ಹಿಂಡುವುದು, ರೊಟ್ಟಿ ತಟ್ಟುವುದು, ನೀರು ಹೊರುವುದು, ಸೌದೆ ಸೀಳುವುದು ಎಲ್ಲವೂ ಅದೇ ಮಣಿಕಟ್ಟಿನ ಮೇಲೆಯೇ. ಹಾಗಿದ್ದ ಮೇಲೆ ತೋಟವನ್ನೇ ಏಕೆ ದೂರಬೇಕು? ಕಾರಣಗಳು ಹಲವು ಎಂಬುದು ನಿಜ, ಯಾವುದೇ ಒಬ್ಬರ ಕೈನೋವನ್ನು ಎತ್ತಿಕೊಂಡು ಇದು ತೋಟದ್ದೇ ಎಂದು ಖಚಿತವಾಗಿ ಹೇಳಲಾಗದು ಎಂಬುದೂ ನಿಜ. ಆದರೆ ಕಾಫಿ ಕೊಯ್ಲಿನ ಸಾಲಿನಲ್ಲಿ ಹೆಂಗಸರ ಪಾಲು ದೊಡ್ಡದು. ಮನೆಗೆಲಸದಿಂದ ಮೊದಲೇ ದಣಿದ ಕೈ ತೋಟಕ್ಕೆ ಬರುತ್ತದೆ, ತೋಟದಿಂದ ದಣಿದ ಕೈ ಸಂಜೆ ಒಲೆಯ ಮುಂದೆ ಕೂರುತ್ತದೆ. ನರಕ್ಕೆ ಸಿಗಬೇಕಾದ ವಿರಾಮ ಎರಡೂ ಕಡೆ ಸಿಗುವುದಿಲ್ಲ. ಹಲವು ಹೊರೆಗಳಿರುವಾಗ ಯಾವುದನ್ನು ಇಳಿಸಬಹುದೋ ಅದನ್ನು ಇಳಿಸುವುದು ವಿವೇಕ. ವಯಸ್ಸನ್ನೂ ಬಸಿರನ್ನೂ ಬದಲಿಸಲಾಗದು. ಕೆಲಸದ ಕ್ರಮವನ್ನು ಬದಲಿಸಬಹುದು.

ಬದಲಿಸಿದರೆ ಬೆಳೆಗಾರನಿಗೆ ನಷ್ಟವಲ್ಲವೇ? ಹಣ್ಣು ಗಿಡದಲ್ಲಿ ಒಣಗಿ ಉದುರುತ್ತಿರುತ್ತದೆ, ಅಕಾಲ ಮಳೆಯ ಹೆದರಿಕೆ ಇರುತ್ತದೆ, ಆಳು ಸಿಗುವುದೇ ನಾಲ್ಕು ದಿನ. ಆಲೂರು, ಸಕಲೇಶಪುರದಲ್ಲಿ ಕಾಡಾನೆ ತೋಟಕ್ಕಿಳಿದ ದಿನ ಬೆಳಗಿನ ಕೆಲಸ ತಡವಾದರೆ ಉಳಿದ ಹೊತ್ತಿನಲ್ಲಿ ಅದೇ ತೂಕ ತುಂಬಿಸುವ ಆತುರ ಬೇರೆ. ಈ ಇಕ್ಕಟ್ಟು ಕಟ್ಟುಕತೆಯಲ್ಲ, ಸಣ್ಣ ಬೆಳೆಗಾರನ ಬದುಕು ನಿಂತಿರುವುದೇ ಕೊಯ್ಲಿನ ತಿಂಗಳುಗಳ ಮೇಲೆ. ಆದರೆ ಬೇಕಾದ ವಿರಾಮ ದೊಡ್ಡದಲ್ಲ. ಅಮೆರಿಕದ ಅದೇ ಕಸುಬು ಆರೋಗ್ಯ ಸಂಸ್ಥೆಯವರು ಕಂಪ್ಯೂಟರಿನಲ್ಲಿ ಅಂಕಿಅಂಶ ತುಂಬುವವರಿಗೆ ಮಾಮೂಲು ಬಿಡುವಿನ ಜೊತೆಗೆ ದಿನಕ್ಕೆ ನಾಲ್ಕು ಸಲ ಐದೈದು ನಿಮಿಷ ಕೊಟ್ಟು ನೋಡಿ, 2000ದಲ್ಲಿ ಪ್ರಕಟಿಸಿದ ಫಲಿತಾಂಶ ಹೀಗಿತ್ತು: ನೋವು ಇಳಿಯಿತು, ಕೆಲಸದ ಮೊತ್ತ ಇಳಿಯಲಿಲ್ಲ. ಅದು ಕಚೇರಿಯ ಕೆಲಸ, ತೋಟದ್ದಲ್ಲ. ಆದರೂ ದಣಿದ ಬೆರಳು ತನ್ನಷ್ಟಕ್ಕೇ ನಿಧಾನವಾಗುವುದರಿಂದ ವಿರಾಮದ ಹೊತ್ತು ಪೂರ್ತಿ ನಷ್ಟವಲ್ಲ ಎಂಬ ತತ್ವ ಎರಡೂ ಕಡೆ ಒಂದೇ. ಇನ್ನೊಂದು ಕಡೆ ಬೆಳೆಗಾರನ ಲಾಭವೂ ಕೈಯ ಲಾಭವೂ ನೇರವಾಗಿ ಕೂಡುತ್ತವೆ. ಪೂರ್ತಿ ಹಣ್ಣಾದ ಕಾಫಿ ಕಾಯಿಗಿಂತ ಸಲೀಸಾಗಿ ತೊಟ್ಟಿನಿಂದ ಬಿಡುತ್ತದೆ, ಕಾಯಿ ಬಿಡಲು ಹೆಚ್ಚು ಬಲ ಕೇಳುತ್ತದೆ. ಹಣ್ಣನ್ನಷ್ಟೇ ಆರಿಸಿ ಕೊಯ್ದರೆ ಸಿಪ್ಪೆ ಸುಲಿಯುವ ಪಲ್ಪರ್ ಯಂತ್ರಕ್ಕೆ ಒಳ್ಳೆಯ ಮಾಲು, ಕಾಫಿಗೆ ಒಳ್ಳೆಯ ರುಚಿ, ಬೆರಳಿಗೆ ಕಡಿಮೆ ಎಳೆತ. ಬರೀ ಕಿಲೋಗೆ ಕೂಲಿ ಕಟ್ಟಿದಾಗ ಸಿಕ್ಕಿದ್ದನ್ನೆಲ್ಲ ಸುಲಿದು ಚೀಲ ತುಂಬಿಸುವುದೇ ಜಾಣತನವಾಗುತ್ತದೆ. ಹಣ್ಣಿನ ಪ್ರಮಾಣ ಹೆಚ್ಚಿದ್ದ ಚೀಲಕ್ಕೆ ಕಿಲೋ ದರವನ್ನೇ ತುಸು ಹೆಚ್ಚಿಟ್ಟರೆ ಆ ಆತುರ ತಗ್ಗುತ್ತದೆ.

ಸಲಕರಣೆಯ ಮಟ್ಟದಲ್ಲಿ ಮಾಡಬಹುದಾದದ್ದು ದುಬಾರಿಯೂ ಅಲ್ಲ. ಎತ್ತರದ ರೆಂಬೆಯನ್ನು ಎಡಗೈಯಲ್ಲಿ ಹಿಡಿದಿಡುವ ಬದಲು ಹಗ್ಗ ಕಟ್ಟಿದ ಕೊಕ್ಕೆ ಹಾಕಿ ಹಗ್ಗದ ತುದಿಯನ್ನು ಕಾಲಿನಲ್ಲಿ ತುಳಿದರೆ ಒಂದು ಕೈಗೆ ಬಿಡುಗಡೆ. ಕಸಿ ಕತ್ತರಿ ಹರಿತವಾಗಿರಬೇಕು, ಅದರ ಸ್ಪ್ರಿಂಗ್ ಸರಿಯಿರಬೇಕು, ಹಿಡಿಕೆ ಸಣ್ಣ ಕೈಗೆ ಅಗಲವಾಗಬಾರದು. ಮೊಂಡು ಕತ್ತರಿಯಲ್ಲಿ ಕತ್ತರಿಸುವವರ ಪೂರ್ತಿ ಬಲ ಅಂಗೈಯ ಬುಡಕ್ಕೆ ಹೊಡೆಯುತ್ತದೆ. ದಪ್ಪ ರೆಂಬೆಗೆ ಕತ್ತರಿ ಬಿಟ್ಟು ಗರಗಸ ಹಿಡಿಯುವುದು ಲೇಸು. ಮೆಣಸು ಬಿಡಿಸುವಾಗ ಒಂದು ಕೈ ಏಣಿಯನ್ನು ಅಪ್ಪಿ ಹಿಡಿದೇ ಇರುತ್ತದೆ. ಸೊಂಟಕ್ಕೆ ಸುರಕ್ಷಾ ಪಟ್ಟಿ ಇದ್ದರೆ ಬೀಳುವ ಭಯ ಕಡಿಮೆ, ಹಿಡಿತವೂ ಸಡಿಲ. ಕೈಗವಸೇ ಮದ್ದು ಎಂಬ ನಂಬಿಕೆಯನ್ನು ಮಾತ್ರ ಎಚ್ಚರದಿಂದ ನೋಡಬೇಕು. ದಪ್ಪ ಕೈಗವಸು ಗೀರು, ಮುಳ್ಳು, ಚಳಿಯನ್ನು ತಡೆಯುತ್ತದೆ. ಆದರೆ ಸ್ಪರ್ಶ ಮಂದವಾಗಿ ಹಿಡಿತ ಇನ್ನೂ ಬಿಗಿಯಾಗುತ್ತದೆ, ಕಂಪನ ತಡೆಯುವ ಕೈಗವಸು ಎಂದು ಮಾರುವಂಥವೂ ಕೆಳ ಆವರ್ತನದ ನಡುಕವನ್ನು ಹೆಚ್ಚಾಗಿ ತಡೆಯುವುದಿಲ್ಲ.

ನೋವನ್ನು ಬೇಗ ಗುರುತಿಸಿದರೆ ಚಿಕಿತ್ಸೆ ಸುಲಭ. ರಾತ್ರಿ ಜೋಮು ಹಿಡಿದು ಎಚ್ಚರವಾಗುವುದು, ಕೈ ಕೊಡವಿದರೆ ಸರಿಯಾಗುವುದು ಮಣಿಕಟ್ಟಿನ ನರದ ಮೊದಲ ಸುಳಿವು. ಆ ಹಂತದಲ್ಲಿ ರಾತ್ರಿ ಮಣಿಕಟ್ಟನ್ನು ನೆಟ್ಟಗೆ ಹಿಡಿದಿಡುವ ಪಟ್ಟಿ, ಕೆಲವು ವಾರ ಬೇರೆ ಬಗೆಯ ಕೆಲಸ, ಬೇಕಾದರೆ ಸ್ಟೀರಾಯ್ಡ್ ಚುಚ್ಚುಮದ್ದು ಇವುಗಳಿಂದ ಬಹಳ ಜನ ಸುಧಾರಿಸುತ್ತಾರೆ. ಹೆಬ್ಬೆರಳ ಬುಡದ ಮಾಂಸ ಕರಗಿ ಅಂಗೈ ತಗ್ಗಾಗಿ ಕಂಡರೆ, ಲೋಟ ಕೈಜಾರಿ ಬೀಳತೊಡಗಿದರೆ ತಡಮಾಡುವಂತಿಲ್ಲ. ಪಟ್ಟಿಯನ್ನು ಸೀಳಿ ನರಕ್ಕೆ ಜಾಗ ಮಾಡಿಕೊಡುವ ಸಣ್ಣ ಶಸ್ತ್ರಕ್ರಿಯೆ ಬೇಕಾಗಬಹುದು, ತಡವಾದರೆ ಕಳೆದುಹೋದ ಬಲ ಪೂರ್ತಿ ಮರಳದು. ಎಣ್ಣೆ ನೀವುವುದರಿಂದ ದಣಿದ ಸ್ನಾಯುವಿಗೆ ಹಿತ, ಆದರೆ ಜೋಮು ಹಿಡಿದ ಮಣಿಕಟ್ಟನ್ನು ಒತ್ತಿ ತಿಕ್ಕುವುದು ನರಕ್ಕೆ ಇನ್ನಷ್ಟು ಒತ್ತಡ. ಸಕಲೇಶಪುರದ ಕ್ರಾಫರ್ಡ್ ಆಸ್ಪತ್ರೆಯ ಬಾಗಿಲಿಗೆ ಇಂಥ ಕೈ ಬರಬೇಕಾದದ್ದು ಜೋಮಿನ ಹಂತದಲ್ಲಿ, ಲೋಟ ಬೀಳುವ ಹಂತದಲ್ಲಲ್ಲ. ಕೊಯ್ಲಿನ ನಡುವೆ ಒಂದು ದಿನದ ಕೂಲಿ ಬಿಟ್ಟು ಬೆಟ್ಟದಿಂದ ಪೇಟೆಗೆ ಇಳಿದು ಬರುವುದು ಎಷ್ಟು ಕಷ್ಟ ಎಂಬುದೇ ಆ ತಡಕ್ಕೆ ಕಾರಣ.

ಕಾನೂನಿನ ರಕ್ಷಣೆ ಈ ಕೈಗಳನ್ನು ಅರ್ಧದಷ್ಟೂ ಮುಟ್ಟಿಲ್ಲ. 1951ರ ತೋಟ ಕಾರ್ಮಿಕರ ಕಾಯಿದೆ ವೈದ್ಯಕೀಯ ಸೌಲಭ್ಯವನ್ನು ಮಾಲೀಕನ ಹೊಣೆಯಾಗಿಸಿತು. 1981ರ ತಿದ್ದುಪಡಿಯ ಪ್ರಕಾರ ಅದು ಅನ್ವಯಿಸಿದ್ದು ಐದು ಹೆಕ್ಟೇರ್ ಅಥವಾ ಹೆಚ್ಚಿನ ವಿಸ್ತೀರ್ಣವಿದ್ದು 15 ಅಥವಾ ಹೆಚ್ಚು ಜನ ದುಡಿಯುವ ತೋಟಗಳಿಗೆ. ಆ ಕಾಯಿದೆ 2020ರ ಕಸುಬು ಸುರಕ್ಷತೆ, ಆರೋಗ್ಯ ಮತ್ತು ದುಡಿಮೆಯ ಸ್ಥಿತಿಗತಿಗಳ ಸಂಹಿತೆಯೊಳಗೆ ಸೇರಿಸಲ್ಪಟ್ಟಿತು. ಆದರೆ ನಮ್ಮ ದೇಶದ ಕಾಫಿ ಹಿಡುವಳಿಗಳಲ್ಲಿ ಬಹುತೇಕ ಎಲ್ಲವೂ ಹತ್ತು ಹೆಕ್ಟೇರಿಗಿಂತ ಚಿಕ್ಕವು, ಅವುಗಳಲ್ಲಿ ಅನೇಕವು ಐದಕ್ಕಿಂತಲೂ ಚಿಕ್ಕವು. ಅಲ್ಲಿ ಕೊಯ್ಲಿಗೆ ಬರುವವರು ಆ ಗೆರೆಯಿಂದ ಹೊರಗೆ. ಅಂತಾರಾಷ್ಟ್ರೀಯ ಕಾರ್ಮಿಕ ಸಂಘಟನೆ 2010ರಲ್ಲಿ ಪರಿಷ್ಕರಿಸಿದ ಕಸುಬು ರೋಗಗಳ ಪಟ್ಟಿಯಲ್ಲಿ ಮಣಿಕಟ್ಟಿನ ನರದ ಒತ್ತಡವೂ ಹೆಬ್ಬೆರಳ ಬುಡದ ರಜ್ಜುಗಳ ಉರಿಯೂತವೂ ಕಂಪನದ ರೋಗಗಳೂ ಇವೆ. ನಮ್ಮ 1923ರ ಪರಿಹಾರ ಕಾಯಿದೆಯ ಮೂರನೆಯ ಅನುಸೂಚಿಯಲ್ಲಿ ಮಣಿಕಟ್ಟಿನ ನರದ ಒತ್ತಡ ಸೇರಿರಲಿಲ್ಲ. ಕತ್ತಿ ತಾಗಿ ಬೆರಳು ಹೋದರೆ ಅದು ಅಪಘಾತ, ಪರಿಹಾರ ಕೇಳಬಹುದು. ಐದು ಸುಗ್ಗಿಯಲ್ಲಿ ಅದೇ ಬೆರಳಿನ ಸ್ಪರ್ಶ ಹೋದರೆ ಕೇಳಲು ಖಾನೆಯೇ ಇರಲಿಲ್ಲ.

ಇಂಥ ರೋಗವನ್ನು ಪಟ್ಟಿಗೆ ಸೇರಿಸಲು ಅಂಕಿಅಂಶ ಬೇಕು, ಅಂಕಿಅಂಶ ಕೂಡಿಸಲು ಪ್ರತಿ ತೋಟಕ್ಕೂ ವೈದ್ಯರು ಹೋಗಬೇಕಾದೀತು ಎಂಬುದು ಕೊನೆಯ ಆಕ್ಷೇಪ. ಅದರ ಬಹುಭಾಗ ಈಗಾಗಲೇ ಬರೆದಿಡಲಾಗಿದೆ. ಕಿಲೋ ಲೆಕ್ಕದ ಕೂಲಿ ಕೊಡುವ ತೋಟಗಳಲ್ಲಿ ಸಂಜೆ ತೂಕ ಹಾಕುವಾಗ ತೋಟದ ಲೆಕ್ಕ ಬರೆಯುವ ರೈಟರ್ ಯಾರು ಎಷ್ಟು ಕಿಲೋ ಎಂದು ದಿನದಿನಕ್ಕೂ ಗುರುತು ಹಾಕಿಕೊಳ್ಳುತ್ತಾರೆ. ಹಣ್ಣು ಸಮೃದ್ಧವಾಗಿರುವ ವಾರಗಳಲ್ಲೇ ಒಬ್ಬರ ತೂಕ ದಿನೇದಿನೇ ಇಳಿಯುತ್ತಿದ್ದರೆ ಆ ಇಳಿತಕ್ಕೆ ಕಾರಣ ಕೇಳಬೇಕು. ಅದೇ ಪುಸ್ತಕದಲ್ಲಿ ಜೋಮು, ನೋವು, ಯಾವ ಕೈ ಎಂಬ ಇನ್ನೊಂದು ಸಣ್ಣ ಕಲಮನ್ನು ವಾರಕ್ಕೊಮ್ಮೆ ತುಂಬಿಸಿದರೆ ಮೂರು ಸುಗ್ಗಿಗಳಲ್ಲಿ ಸಕಲೇಶಪುರ, ಆಲೂರು ತಾಲ್ಲೂಕುಗಳ ಕೊಯ್ಲಿನ ಕೈಗಳ ಬಗ್ಗೆ ಆರೋಗ್ಯ ಇಲಾಖೆಗೂ ಕಾಫಿ ಮಂಡಳಿಗೂ ಬೇಕಾದ ಮೊದಲ ದಾಖಲೆ ಸಿದ್ಧವಾಗುತ್ತದೆ, ಅದಕ್ಕೆ ರೈಟರ್ ಕೈಯಲ್ಲಿರುವ ಪೆನ್ನಿಗಿಂತ ಹೆಚ್ಚಿನ ಉಪಕರಣವೇನೂ ಬೇಕಾಗಿಲ್ಲ.